ಗಣಿ ಮುಚ್ಚಿದ ಮಾರನೇ ದಿನ: ಆಂಡರ್ಸನ್‌ಪೇಟೆಯ ಒಂದು ಲೆಕ್ಕದ ಪುಸ್ತಕ

ಇವತ್ತು ನನ್ನ ಮುಂದೆ ಒಂದು ಹಳೇ ನೋಟ್‌ಬುಕ್ ಇದೆ. ರಟ್ಟು ಕಿತ್ತು ಬಂದಿದೆ, ಮಧ್ಯೆ ದಾರ ಹಾಕಿ ಹೊಲಿದಿದ್ದಾರೆ. ನನ್ನ ತಾತನ ಲೆಕ್ಕದ ಪುಸ್ತಕ ಇದು. ತಾತ 1972ರಿಂದ ಗಣಿ ಮುಚ್ಚೋ ದಿನದವರೆಗೂ ಕೆಜಿಎಫ್‌ನಲ್ಲಿ ಭೂಮಿ ಒಳಗೆ ಕೆಲಸ ಮಾಡಿದವರು. ಕೆಜಿಎಫ್ ಅಂದ ತಕ್ಷಣ ನಿಮಗೆ ಸಿನಿಮಾ ನೆನಪಾಗಿರುತ್ತೆ, ಗೊತ್ತು. ನಾನು ಹೇಳ್ತಿರೋದು ಹಾಲಿನ ಬಾಕಿ, ಚೀಟಿ ದುಡ್ಡು, ಪಿಎಫ್ ಲೆಕ್ಕ ಇರೋ ಕೆಜಿಎಫ್ ಕಥೆ.

2001ರ ಫೆಬ್ರವರಿ 28. ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್, ಬಿಜಿಎಂಎಲ್, ಮುಚ್ಚಿದ ದಿನ. ಆ ದಿನದ ಪುಟ ತೆಗೆದರೆ ಅಳು, ಸಿಟ್ಟು ಏನೂ ಇಲ್ಲ. ‘ಇಂದಿಗೆ ಕೆಲಸ ಮುಗಿಯಿತು. ಹಾಲಿನ ಬಾಕಿ 64’ ಅಂತ ಎರಡು ಸಾಲು, ಅಷ್ಟೇ. ಅದಾದ ಮೇಲೆ ಕೆಲವು ಪುಟ ಬಿಟ್ಟು, ಅಡಿಗೆರೆ ಎಳೆದು ಒಂದು ಸಂಖ್ಯೆ ಬರೆದಿದ್ದಾರೆ: 3,42,000. ಪಿಎಫ್, ಗ್ರಾಚ್ಯುಟಿ, ಪರಿಹಾರ ಎಲ್ಲಾ ಸೇರಿ 29 ವರ್ಷದ ದುಡಿಮೆಗೆ ಕೈಗೆ ಬಂದ ಹಣ. ತಾತನಿಗೆ ಆಗ 52 ವರ್ಷ.

ನಮ್ಮ ಮನೇಲಿ ಅಲ್ಲೀತನಕ ಒಂದು ಲಕ್ಷವನ್ನ ಒಟ್ಟಿಗೆ ಯಾರೂ ನೋಡಿರಲಿಲ್ಲ. ‘ಅವತ್ತು ನಾವು ಸಾಹುಕಾರರು ಅನ್ಕೊಂಡ್ವಿ ಕಣಪ್ಪ’ ಅಂತ ಅಜ್ಜಿ ಈಗ್ಲೂ ಹೇಳ್ತಾರೆ.

ಅದು ದೊಡ್ಡ ಹಣಾನಾ, ಚಿಕ್ಕ ಹಣಾನಾ? ಇದಕ್ಕೆ ಉತ್ತರ ಬೇಕಂದ್ರೆ ನೂರು ವರ್ಷ ಹಿಂದಕ್ಕೆ ಹೋಗಬೇಕು.

ಜಾನ್ ಟೇಲರ್ ಅಂಡ್ ಸನ್ಸ್ ಅನ್ನೋ ಇಂಗ್ಲಿಷ್ ಕಂಪನಿ 1880ರಲ್ಲಿ ಇಲ್ಲಿ ಗಣಿಗಾರಿಕೆ ಕೈಗೆತ್ತಿಕೊಂಡಿತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಗಣಿಗೆ ಕರೆಂಟ್ ತಂದರು. ಬೆಂಗಳೂರಿಗೆ ಕರೆಂಟ್ ಬಂದಿದ್ದು ಆಮೇಲೆ. ಕೆಲಸಕ್ಕೆ ಬಂದವರಲ್ಲಿ ಹೆಚ್ಚಿನವರು ತಮಿಳುನಾಡಿನ ಉತ್ತರ ಆರ್ಕಾಟ್ ಕಡೆಯ ದಲಿತ ಕುಟುಂಬಗಳವರು. ಚಿತ್ತೂರು ಕಡೆಯ ತೆಲುಗರು, ನಮ್ಮಂಥ ಬಂಗಾರಪೇಟೆ ಸುತ್ತಿನ ಹಳ್ಳಿಯವರೂ ಇದ್ರು. ಮೊದಲ ತಲೆಮಾರಿನವರಿಗೆ ನಿವೃತ್ತಿ ಅಂದ್ರೆ ಊರಿಗೆ ವಾಪಸ್ ಹೋಗೋದು. ಅಲ್ಲಿ ಅರ್ಧ ಎಕರೆ ಹೊಲ, ಒಂದು ಗುಡಿಸಲು, ಅಣ್ಣತಮ್ಮಂದಿರು. ಅದೇ ಅವರ ಪಿಂಚಣಿ ಯೋಜನೆ. ಎರಡನೇ, ಮೂರನೇ ತಲೆಮಾರಿಗೆ ಆ ಊರು ಹಬ್ಬಕ್ಕೆ ಹೋಗೋ ಜಾಗ ಮಾತ್ರ ಆಯ್ತು. ಹೊಲ ಯಾರದ್ದೋ ಪಾಲಾಗಿತ್ತು.

ಅದರ ಬದಲಿಗೆ ಅವರಿಗೆ ಸಿಕ್ಕಿದ್ದು ಗಣಿ. ಲೈನು ಅಂತ ಕರೀತಿದ್ದ ಸಾಲುಮನೆಗಳು, ನೀರು, ಆಸ್ಪತ್ರೆ, ಶಾಲೆ. ಗಣಿ ಕೈ ಬದಲಾಗ್ತಾ ಹೋಯ್ತು. 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ ಸರ್ಕಾರ, 1972ರಲ್ಲಿ ಬಿಜಿಎಂಎಲ್. ಲೈನಿನ ಬದುಕು ಮಾತ್ರ ಹಾಗೇ ಇತ್ತು. ನಿಮ್ಮ ಸ್ಯಾಲರಿ ಸ್ಲಿಪ್‌ನಲ್ಲಿ ಬಾಡಿಗೆ ಭತ್ಯೆ, ವೈದ್ಯಕೀಯ ವಿಮೆ ಅಂತ ಬೇರೆ ಬೇರೆ ಸಾಲು ಇರುತ್ತಲ್ಲ, ಅವರಿಗೆ ಅದೆಲ್ಲಾ ಕಣ್ಣಿಗೆ ಕಾಣದ ಸಂಬಳ. ಲೆಕ್ಕದ ಪುಸ್ತಕದಲ್ಲಿ 2001ಕ್ಕೆ ಮುಂಚೆ ‘ಔಷಧಿ’ ಅನ್ನೋ ಪದವೇ ಇಲ್ಲ. ಹುಡುಕಿ ಹುಡುಕಿ ನೋಡಿದೆ, ಎಲ್ಲೂ ಇಲ್ಲ. ಮೂರು ಕಿಲೋಮೀಟರ್‌ಗೂ ಹೆಚ್ಚು ಆಳಕ್ಕೆ ಹೋಗಿದ್ದ ಗಣಿ ಅದು. ಕಲ್ಲಿನ ಧೂಳು ಶ್ವಾಸಕೋಶಕ್ಕೆ ಇಳಿದು ಸಿಲಿಕೋಸಿಸ್ ಬರ್ತಿದ್ದ ಜಾಗ. ಅಂಥ ಮನೆಯ ಖರ್ಚಿನಲ್ಲಿ ಔಷಧಿ ಇಲ್ಲ, ಯಾಕಂದ್ರೆ ಆಸ್ಪತ್ರೆ ಗಣಿಯದು.

ಹಾಗಂತ ದುಡ್ಡು ಮಿಗ್ತಿತ್ತು ಅನ್ಕೋಬೇಡಿ. ಸಂಬಳದ ದಿನ ಆಂಡರ್ಸನ್‌ಪೇಟೆ ಬಜಾರ್ ಜಾತ್ರೆ ಥರ ಇರ್ತಿತ್ತಂತೆ. ದಿನಸಿ ಅಂಗಡಿ ಬಾಕಿ, ಗಿರವಿ ಅಂಗಡಿ ಬಡ್ಡಿ, ಹೆಂಡದಂಗಡಿ ಬಾಕಿ, ಎಲ್ಲಾ ಅವತ್ತೇ ತೀರಬೇಕು. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಅಂದ್ರೆ ಕಡಿಮೆ ಅನ್ಸುತ್ತೆ, ವರ್ಷಕ್ಕೆ ಶೇ 36 ಆಗುತ್ತೆ ಅದು. ಚಿನ್ನ ಅಗೆಯೋರ ಮನೆಯ ಚಿನ್ನ ವರ್ಷದಲ್ಲಿ ಆರು ತಿಂಗಳು ಅಡದಲ್ಲೇ ಇರ್ತಿತ್ತು. 1991ರಲ್ಲಿ ದೇಶವೇ ಡಾಲರ್ ಇಲ್ಲದೆ ಸುಮಾರು 47 ಟನ್ ಚಿನ್ನವನ್ನ ವಿದೇಶಿ ಬ್ಯಾಂಕುಗಳಲ್ಲಿ ಅಡ ಇಟ್ಟಾಗ ನಮ್ಮ ಬೀದಿಯವರಿಗೆ ಅದು ಹೊಸ ಸುದ್ದಿ ಅನ್ನಿಸಿರಲಾರದು!

ಉಳಿತಾಯ ಅಂತ ಇದ್ದಿದ್ದು ಚೀಟಿ. ಅಜ್ಜಿ ಮತ್ತು ಪಕ್ಕದ ಮನೆಯ ತಮಿಳು ಅಕ್ಕ ಸೇರಿ ಇಪ್ಪತ್ತು ಜನರ ಚೀಟಿ ನಡೆಸ್ತಿದ್ರು. ತಿಂಗಳಿಗೆ ಒಬ್ಬೊಬ್ಬರು 500, ಒಟ್ಟು 10,000. ಅವಸರ ಇದ್ದವರು ಕಮ್ಮಿಗೆ ಕೂಗಿ ಎತ್ಕೊಳ್ತಾರೆ, ಬಿಟ್ಟ ಹಣ ಉಳಿದವರಿಗೆ ಹಂಚಿಕೆ. ಕಾಗದ ಪತ್ರ ಏನೂ ಇಲ್ಲ, ಮುಖ ನೋಡಿ ನಂಬಿಕೆ. ಮುಂದಿನ ತಿಂಗಳು ಎಲ್ಲರಿಗೂ ಸಂಬಳ ಬರುತ್ತೆ ಅನ್ನೋದರ ಮೇಲೆ ನಿಂತಿದ್ದ ವ್ಯವಸ್ಥೆ. ಗಣಿ ಮುಚ್ಚಿದ ತಿಂಗಳು ನಡುವಲ್ಲಿದ್ದ ಚೀಟಿ ಏನಾಗಿರಬಹುದು, ನೀವೇ ಊಹಿಸಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ಗಣಿ ನಷ್ಟದಲ್ಲಿತ್ತು ಅಂತ ನಾವೆಲ್ಲ ಓದಿದ್ದೀವಿ. ನಿಜ, 1992ರಲ್ಲೇ ಅದು ರೋಗಗ್ರಸ್ತ ಕಂಪನಿಗಳ ಮಂಡಳಿ ಮುಂದೆ ಹೋಗಿತ್ತು. ಅದಿರಲ್ಲಿ ಚಿನ್ನ ಕಮ್ಮಿ, ಆಳ ಜಾಸ್ತಿ, ಖರ್ಚು ಜಾಸ್ತಿ. ಆದರೆ ಕೇಂದ್ರ ಸರ್ಕಾರದ ಕೈಗೆ ಬಂದ ಮೇಲೆ ಬಹಳ ಕಾಲ ಇಲ್ಲಿಯ ಚಿನ್ನ ಮಾರುಕಟ್ಟೆಗೇ ಹೋಗಲಿಲ್ಲ. ಔನ್ಸಿಗೆ 35 ಡಾಲರ್ ಅನ್ನೋ ಅಂತರರಾಷ್ಟ್ರೀಯ ಅಧಿಕೃತ ದರದಲ್ಲಿ ಸರ್ಕಾರದ ಖಜಾನೆ ಸೇರ್ತಿತ್ತು. ನಮ್ಮ ದೇಶದ ಪೇಟೆಯಲ್ಲಿ ಬೆಲೆ ಅದಕ್ಕಿಂತ ಎಷ್ಟೋ ಮೇಲಿತ್ತು. ಲಾಭ, ನಷ್ಟ ಅನ್ನೋ ಪದಗಳನ್ನ ಯಾವ ದರ ಇಟ್ಕೊಂಡು ಹೇಳ್ತಿದ್ದಾರೆ ಅಂತ ಕೇಳೋದು ಒಳ್ಳೇದು.

ಸರಿ, ಮತ್ತೆ 3,42,000ಕ್ಕೆ ಬರೋಣ.

ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು ಅಂದ್ನಲ್ಲ, ಮಾರ್ಚ್ 1ರಿಂದ ಅಂಚೆ ಕಚೇರಿಯ ಉಳಿತಾಯ ಯೋಜನೆಗಳ ಬಡ್ಡಿ ಇಳೀತು. ಮಾಸಿಕ ಆದಾಯ ಯೋಜನೆ ಶೇ 11 ಇದ್ದದ್ದು 9.5 ಆಯ್ತು. 2002ರಲ್ಲಿ 9, 2003ರಲ್ಲಿ 8. ಒಂದು ಲಕ್ಷ ಇಟ್ಟರೆ ತಿಂಗಳಿಗೆ 917 ರೂಪಾಯಿ ಬರ್ತಿದ್ದದ್ದು 792ಕ್ಕೆ ಬಂತು, ಆಮೇಲೆ ಇಟ್ಟವರಿಗೆ 667. ಇಡೀ ದೇಶಕ್ಕೆ ಆದ ಬದಲಾವಣೆ ಅದು, ಕೆಜಿಎಫ್‌ಗೋಸ್ಕರ ಮಾಡಿದ್ದಲ್ಲ. ಆದರೆ ಒಂದೇ ಊರಲ್ಲಿ 3,000ಕ್ಕೂ ಹೆಚ್ಚು ಜನ ಒಟ್ಟಿಗೆ ‘ಬಡ್ಡಿ ಮೇಲೆ ಬದುಕೋದು ಹೇಗೆ’ ಅಂತ ಯೋಚಿಸೋಕೆ ಶುರು ಮಾಡಿದ ವಾರದಲ್ಲೇ ಹೀಗಾಯ್ತು. ಹಿರಿಯ ನಾಗರಿಕರ ಉಳಿತಾಯ ಯೋಜನೆ ಬಂದಿದ್ದು 2004ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ದುಡ್ಡು ಕರಗಿತ್ತು.

ತಾತ ಏನು ಮಾಡಿದ್ರು? ಪುಸ್ತಕ ಹೇಳುತ್ತೆ. ಅತ್ತೆ ಮದುವೆಗೆ ಮಾಡಿದ್ದ ಸಾಲ, ಗಿರವಿ ಸೇರಿ 48,000 ತೀರಿಸಿದ್ರು. ಲೈನ್ ಮನೆ ಖಾಲಿ ಮಾಡಿಸ್ತಾರೇನೋ ಅನ್ನೋ ಭಯದಲ್ಲಿ ಆಂಡರ್ಸನ್‌ಪೇಟೆಯಲ್ಲಿ ಎರಡು ರೂಮಿನ ಮನೆ, 1,60,000. ಚಿಕ್ಕಪ್ಪನ ಆಟೋಗೆ ಮುಂಗಡ 30,000. ಒಂದು ಫೈನಾನ್ಸ್‌ನಲ್ಲಿ 60,000. ಅಂಚೆ ಕಚೇರಿಯಲ್ಲಿ 40,000. ಕೈಯಲ್ಲಿ ಉಳಿದದ್ದು 4,000.

ಆ ಫೈನಾನ್ಸ್ ಹೆಸರು ಬೇಡ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಕೊಡ್ತೀವಿ ಅಂದಿದ್ರು. 60,000ಕ್ಕೆ ತಿಂಗಳಿಗೆ 1,200. ಹದಿನಾಲ್ಕು ತಿಂಗಳು ಸರಿಯಾಗಿ ಬಂತು, ಒಟ್ಟು 16,800. ಹದಿನೈದನೇ ತಿಂಗಳು ಬಾಗಿಲಿಗೆ ಬೀಗ. ಆ ಕಾಲದ ಪೇಪರ್‌ಗಳು ಇಂಥವನ್ನ ಬ್ಲೇಡ್ ಕಂಪನಿ ಅಂತಿದ್ವು. ಠೇವಣಿದಾರರನ್ನ ರಕ್ಷಿಸೋಕೆ ಅಂತ ಕರ್ನಾಟಕ ಪ್ರತ್ಯೇಕ ಕಾಯ್ದೆ ತಂದಿದ್ದು 2004ರಲ್ಲಿ. ತಾತನಿಗೆ ಆಸೆ ಅಂತ ನಾನು ಚಿಕ್ಕವನಿದ್ದಾಗ ಬೈಕೊಳ್ತಿದ್ದೆ. ಈಗ ಲೆಕ್ಕ ಹಾಕಿದರೆ ಬೇರೆ ಥರ ಕಾಣುತ್ತೆ. 60,000ವನ್ನೂ ಅಂಚೆ ಕಚೇರಿಯಲ್ಲೇ ಇಟ್ಟಿದ್ರೆ ತಿಂಗಳಿಗೆ 475 ಬರ್ತಿತ್ತು. ಮನೆ ಖರ್ಚು ಎರಡು ಸಾವಿರದ ಮೇಲಿತ್ತು. ಸುರಕ್ಷಿತವಾದದ್ದು ಸಾಲಲ್ಲ, ಸಾಲುವಷ್ಟು ಕೊಡ್ತೀವಿ ಅಂದದ್ದು ಸುರಕ್ಷಿತ ಅಲ್ಲ. ಆ ಸಂದಿಯಲ್ಲಿ ಸಿಕ್ಕಿಹಾಕೊಂಡಿದ್ರು.

‘ಚಿನ್ನ ತಗೊಂಡಿದ್ರೆ?’ ಅಂತ ನೀವು ಕೇಳ್ತೀರಿ, ನನ್ನ ಗೆಳೆಯರೆಲ್ಲ ಕೇಳಿದ್ದಾರೆ. 2001ರಲ್ಲಿ ಹತ್ತು ಗ್ರಾಂಗೆ ನಾಲ್ಕು ಸಾವಿರದ ಚಿಲ್ಲರೆ ಇತ್ತು. ಹೌದು, ಇವತ್ತಿಗೆ ಕೋಟಿ ಹತ್ತಿರ ಹೋಗ್ತಿತ್ತೇನೋ. ಆದರೆ ಇಪ್ಪತ್ತು ವರ್ಷ ಊಟ ಮಾಡದೆ ಕಾಯಬೇಕಿತ್ತು.

2001ರ ನಂತರದ ಪುಟಗಳಲ್ಲಿ ಹೊಸ ಹೊಸ ಸಾಲುಗಳು ಹುಟ್ಟಿಕೊಳ್ತವೆ. ಕರೆಂಟ್ ಬಿಲ್. ನೀರಿನ ಟ್ಯಾಂಕರ್. ಬಸ್ ಚಾರ್ಜ್, ಕೋಲಾರ ಆಸ್ಪತ್ರೆ. 2004ರಿಂದ ಪ್ರತಿ ತಿಂಗಳು, ಔಷಧಿ. 3,42,000 ಚಿಕ್ಕದಾಗಿದ್ದು ಇಲ್ಲಿ. ಅದು ಬರೀ ಸಂಬಳದ ಜಾಗ ತುಂಬಬೇಕಿರಲಿಲ್ಲ, ಒಂದು ಇಡೀ ಊರಿನ ಜಾಗ ತುಂಬಬೇಕಿತ್ತು. ಮಾರಿಕುಪ್ಪಂನಿಂದ ಬಂಗಾರಪೇಟೆ ಮೇಲೆ ಬೆಂಗಳೂರಿಗೆ ಹೋಗೋ ಬೆಳಗಿನ ರೈಲು ಆಗಿನಿಂದ ನಮ್ಮೂರಿನ ಹೊಸ ಗಣಿ ಆಯ್ತು. ಅಪ್ಪ ಆ ರೈಲು ಹತ್ತಿದ್ರು, ಆಮೇಲೆ ನಾನೂ ಹತ್ತಿದೆ.

ಇನ್ನು ಪಿಂಚಣಿ. ಪಿಎಫ್ ಇದ್ದವರಿಗೆ ನೌಕರರ ಪಿಂಚಣಿ ಯೋಜನೆ, ಇಪಿಎಸ್, ಶುರುವಾಗಿದ್ದು 1995ರ ನವೆಂಬರ್ 16ಕ್ಕೆ. ಸೂತ್ರ ಸರಳ: ಸಂಬಳವನ್ನ ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಆದರೆ ಆಗ ಲೆಕ್ಕಕ್ಕೆ ತಗೊಳ್ತಿದ್ದ ಸಂಬಳದ ಮಿತಿ 5,000. ಸೂತ್ರಕ್ಕೆ ಸಿಗೋದು 1995ರ ನಂತರದ ವರ್ಷಗಳು ಮಾತ್ರ. ತಾತನ 29 ವರ್ಷದಲ್ಲಿ ಸೂತ್ರದೊಳಗೆ ಬಂದಿದ್ದು ಐದು! ಅದಕ್ಕೂ ಹಿಂದಿನ ಸೇವೆಗೆ ಒಂದು ಸಣ್ಣ ನಿಗದಿತ ಮೊತ್ತದ ಲೆಕ್ಕ. 58 ತುಂಬೋವರೆಗೆ ಕಾದರೆ ಪೂರ್ತಿ, 50 ದಾಟಿದ ಮೇಲೆ ಬೇಗ ಬೇಕು ಅಂದ್ರೆ ಮುಂಚಿನ ಪ್ರತಿ ವರ್ಷಕ್ಕೆ ಆಗ ಶೇ 3 ಕಡಿತ, ಈಗ ಶೇ 4. ತಾತ 52ಕ್ಕೇ ತಗೊಂಡ್ರು. ಶೇ 18 ಹೋಯ್ತು, ಜೀವನಪೂರ್ತಿ. ಕೈಗೆ ಬಂದಿದ್ದು ತಿಂಗಳಿಗೆ 600ಕ್ಕೂ ಒಂದಿಷ್ಟು ಕಮ್ಮಿ. ಕನಿಷ್ಠ ಪಿಂಚಣಿ 1,000 ಅಂತ ಆಗಿದ್ದು 2014ರ ಸೆಪ್ಟೆಂಬರ್‌ನಲ್ಲಿ. ತಾತ ಅಷ್ಟರಲ್ಲಿ ತೀರಿಕೊಂಡು ವರ್ಷವಾಗಿತ್ತು. ವಿಧವಾ ಪಿಂಚಣಿಯಾಗಿ ಆ ಸಾವಿರ ಅಜ್ಜಿಗೆ ಬರ್ತಿದೆ.

ಇದೆಲ್ಲಾ ಯಾಕೆ ಕೆದಕಿದೆ ಅಂದ್ರೆ, ನಾಚಿಕೆ ಬಿಟ್ಟು ಹೇಳ್ತೀನಿ, ನಾನೂ ಒಂದು ಕೆಲಸ ಮಾಡಿದ್ದೀನಿ. 2015ರಲ್ಲಿ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದೆ. 2019ರಲ್ಲಿ ಬಿಟ್ಟಾಗ ‘ಪಿಎಫ್ ಎತ್ಕೊಳೋ, ಅದು ನಿನ್ ದುಡ್ಡೇ ಅಲ್ವಾ’ ಅಂತ ಎಲ್ಲರೂ ಅಂದ್ರು. ಎತ್ಕೊಂಡೆ. ಅದರ ಜೊತೆ ಪಿಂಚಣಿ ಪಾಲಿಗೂ ಫಾರಂ 10ಸಿ ಹಾಕ್ಬಿಟ್ಟೆ. ಬೈಕಿನ ಸಾಲ ತೀರಿತು, ಒಂದು ಫೋನ್ ಬಂತು. ಆ ಫೋನ್ ಈಗ ಎಲ್ಲಿದೆಯೋ ಗೊತ್ತಿಲ್ಲ. ಹೋಗಿದ್ದು ದುಡ್ಡು ಮಾತ್ರ ಅಲ್ಲ, ನಾಲ್ಕು ವರ್ಷದ ಸೇವೆ. ಇಪಿಎಸ್ ಪಿಂಚಣಿಗೆ ಕನಿಷ್ಠ ಹತ್ತು ವರ್ಷ ಸೇವೆ ಬೇಕು. ಹೊಸ ಕೆಲಸಕ್ಕೆ ವರ್ಗಾಯಿಸಿದ್ರೆ, ಇಲ್ಲಾ ಸ್ಕೀಮ್ ಸರ್ಟಿಫಿಕೇಟ್ ತಗೊಂಡಿದ್ರೆ, ಆ ನಾಲ್ಕು ವರ್ಷ ಲೆಕ್ಕದಲ್ಲಿ ಇರ್ತಿತ್ತು. ನನ್ನ ಗಡಿಯಾರ ಸೊನ್ನೆಯಿಂದ ಶುರುವಾಯ್ತು. ಈಗಿನ 15,000 ಮಿತಿಯಲ್ಲಿ ಹತ್ತು ವರ್ಷಕ್ಕೆ ಸಿಗೋದು ತಿಂಗಳಿಗೆ 2,143 ರೂಪಾಯಿ. ದೊಡ್ಡದೇನಲ್ಲ, ಅದರಲ್ಲೇ ಬದುಕ್ತೀನಿ ಅನ್ನೋ ಭ್ರಮೆ ನನಗಿಲ್ಲ. ಆದರೂ ತಾತನ ವರ್ಷಗಳನ್ನ ಕಾನೂನು ಬಿಟ್ಟಿತು, ನನ್ನವನ್ನ ನಾನೇ ಬಿಟ್ಟೆ.

ಪ್ರತಿ ವರ್ಷ ಅಜ್ಜಿ ಬದುಕಿದ್ದಾರೆ ಅಂತ ಜೀವನ ಪ್ರಮಾಣ ಪತ್ರ ಕೊಡಬೇಕು. ಮೊದಲು ಬ್ಯಾಂಕಿಗೆ ಹೋಗಿ ಹೆಬ್ಬೆಟ್ಟು ಒತ್ತಬೇಕಿತ್ತು. ಪಾತ್ರೆ ಉಜ್ಜಿ ಉಜ್ಜಿ ಸವೆದ ಬೆರಳನ್ನ ಮೆಷಿನ್ ಒಪ್ತಾನೇ ಇರಲಿಲ್ಲ. ಈಗ ಮೊಬೈಲಲ್ಲಿ ಮುಖ ತೋರಿಸಿದ್ರೆ ಸಾಕು. ಹೋದ ಸಲ ಆಂಡರ್ಸನ್‌ಪೇಟೆಗೆ ಹೋದಾಗ, ಜಗುಲಿ ಮೇಲೆ ಕೂರಿಸಿ ಫೋನ್ ಹಿಡಿದೆ. ‘ಅಜ್ಜಿ, ಕಣ್ಣು ಮಿಟುಕಿಸು’ ಅಂದೆ. ಮಿಟುಕಿಸಿದ್ರು. ಹಸಿರು ಗುರುತು ಬಂತು.

‘ಬದುಕಿದ್ದೀನಂತಾ?’ ಅಂದ್ರು.

‘ಹೂಂ ಅಜ್ಜಿ, ಇನ್ನೊಂದು ವರ್ಷಕ್ಕೆ.’

‘ಸರಿ, ಹಾಗಾದ್ರೆ ಬರ್ಕೋ’ ಅಂತ ಒಳಗಿನಿಂದ ಪುಸ್ತಕ ತಂದು ಕೊಟ್ರು. ತಾತ ಹೋದ ಮೇಲೂ ಅವರೇ ಯಾರ ಕೈಲಾದ್ರೂ ಹೇಳಿ ಬರೆಸ್ತಿದ್ರಂತೆ. ಕೊನೇ ಪುಟದಲ್ಲಿ ತಾರೀಕು ಹಾಕಿ 1,000 ಅಂತ ಬರೆದೆ. ಅದರ ಕೆಳಗೆ, ಔಷಧಿ 640.