ಕಳಲೆಗೆ ಮುಳ್ಳೇ ಕಾವಲು

ಪುಣೆಗೆ ಬಂದು ಇಪ್ಪತ್ತೆಂಟು ವರ್ಷವಾಯಿತು. ಆದರೂ ಮಳೆ ಹಿಡಿದರೆ ನನಗೆ ನೆನಪಾಗುವುದು ಕಳಲೆ ಪಲ್ಯ. ಯಲ್ಲಾಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ! ಮೊನ್ನೆ ಮಂಡಿಯೆಲ್ಲ ಹುಡುಕಿ ಬರಿಗೈಯಲ್ಲಿ ವಾಪಸಾಗುವಾಗ, ಇದೇ ಪುಣೆಯಲ್ಲಿ ಹುಟ್ಟಿದ ಮಾಧವ ಗಾಡ್ಗೀಳ್ ನಮ್ಮ ಜಿಲ್ಲೆಯ ಬಿದಿರು ಮೆಳೆಗಳಲ್ಲಿ ಅಲೆದ ಕಥೆ ತಲೆಗೆ ಬಂತು.

1950ರ ದಶಕದ ಕೊನೆಗೆ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಎದ್ದಿತು. ಸರ್ಕಾರ ಅದಕ್ಕೆ ಬಿದಿರು ಕೊಟ್ಟದ್ದು ಟನ್ನಿಗೆ ಒಂದೂವರೆ ರೂಪಾಯಿಗೆ. ಹೌದು, ಟನ್ನಿಗೆ! ಬುಟ್ಟಿ ಹೆಣೆಯುವ ಮೇದಾರರಿಗೆ ಮಾತ್ರ ಪೇಟೆಯ ದರ. ಬಿದಿರು ಮುಗಿಯುವುದೇ ಇಲ್ಲ ಎಂಬ ಲೆಕ್ಕ ಹದಿನೈದು ವರ್ಷದೊಳಗೆ ತಪ್ಪಿತು. ಮೇದಾರರು ದೂರಿದರು, ಕಾರ್ಖಾನೆಗೂ ಸಾಲದಾಯಿತು. ಕಾರಣ ಹುಡುಕಲು 1975ರಲ್ಲಿ ಕರ್ನಾಟಕ ಸರ್ಕಾರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಗಾಡ್ಗೀಳರಿಗೆ ಕೆಲಸ ಒಪ್ಪಿಸಿತು. ಅವರ ಜೊತೆ ಶಿಷ್ಯ ನರೇಂದ್ರ ಪ್ರಸಾದ್ ದುಡಿದರು.

ಅರಣ್ಯ ಇಲಾಖೆಯದು ಒಂದು ಪದ್ಧತಿ ಇತ್ತು. ಮೆಳೆಯ ಬುಡದಲ್ಲಿ ಹೆಣೆದುಕೊಂಡ ಮುಳ್ಳುಕೊಂಬೆ ಕಡಿದು ಚೊಕ್ಕ ಮಾಡಿದರೆ ಹೊಸ ಬಿದಿರು ಸಲೀಸಾಗಿ ಬೆಳೆಯುತ್ತದೆ ಎಂಬ ನಂಬಿಕೆ. ಕಡಿಯುವವರಿಗೂ ಅನುಕೂಲ ಬಿಡಿ. ಹಳ್ಳಿಯವರು ಮಾತ್ರ ಸಂಶೋಧಕರಿಗೆ ಬೇರೆಯೇ ಹೇಳಿದರು: ಮುಳ್ಳು ತೆಗೆದಿರೋ, ಕಳಲೆ ಉಳಿಯೋಲ್ಲ.

ಮುಳ್ಳು ತೆಗೆದ ಮೆಳೆ, ತೆಗೆಯದ ಮೆಳೆ ಎರಡನ್ನೂ ವರ್ಷಗಟ್ಟಲೆ ಗಮನಿಸಿ, ಮೂಡಿದ ಕಳಲೆ ಎಷ್ಟು, ಬಿದಿರಾದದ್ದು ಎಷ್ಟು ಎಂದು ಎಣಿಸಿದರು. ಹಳ್ಳಿಯವರೇ ಸರಿ. ಚೊಕ್ಕ ಮಾಡಿದ ಬುಡಕ್ಕೆ ದನ ಬಾಯಿ ಹಾಕುತ್ತಿತ್ತು, ಮುಳ್ಳುಹಂದಿ ಬರುತ್ತಿತ್ತು, ಪಲ್ಯದ ಆಸೆಗೆ ನಮ್ಮಂಥವರ ಕೈಯೂ ಹೋಗುತ್ತಿತ್ತು. ಮುಳ್ಳೇ ಬೇಲಿ, ಸರ್ಕಾರದ ದುಡ್ಡಿನಲ್ಲೇ ಅದನ್ನು ಕಡಿಸಲಾಗುತ್ತಿತ್ತು!

ಎಲ್ಲ ತಪ್ಪೂ ಕಾರ್ಖಾನೆಯದೇ ಅನ್ನಲಾರೆ. ಹೆಬ್ಬಿದಿರು ನಾಲ್ಕು ದಶಕ ದಾಟಿದ ಮೇಲೆ ಒಮ್ಮೆ ಹೂಬಿಟ್ಟು ತಾನೇ ಸಾಯುತ್ತದೆ. ಆದರೆ ಬೀಜದಿಂದ ಎದ್ದ ಸಸಿಗೂ ದನ, ಬೆಂಕಿ ತಪ್ಪಿದರೆ ತಾನೆ ಬಾಳು? ಕಾರ್ಖಾನೆ ಮುಂದೆ ಹೊರರಾಜ್ಯಗಳ ಬಿದಿರಿಗೂ ನೀಲಗಿರಿಯಂಥ ಮರಗಳಿಗೂ ಕೈಚಾಚಿತು. ಮೇದಾರರು ಎಲ್ಲಿಗೆ ಹೋಗಬೇಕು?

ಹೋದ ದೀಪಾವಳಿಗೆ ಊರಿಗೆ ಹೋಗಿದ್ದಾಗ, ನಮ್ಮ ಮನೆಗೆ ಮೊರ, ಬುಟ್ಟಿ ತರುತ್ತಿದ್ದ ಅಜ್ಜನನ್ನು ಹುಡುಕಿಕೊಂಡು ಹೋದೆ. ಪುಣೆಗೆ ಒಂದು ಮೊರ ಒಯ್ಯುವ ಆಸೆ. ಜಗಲಿಯಲ್ಲಿ ಕೂತು ಪ್ಲಾಸ್ಟಿಕ್ ಪಟ್ಟಿಯಲ್ಲಿ ಬುಟ್ಟಿ ಹೆಣೆಯುತ್ತಿದ್ದ. "ಮೊರಾನಾ? ಬಿದಿರು ಎಲ್ಲಿಂದ ತರ್ಲಿ ತಮಾ?" ಅಂದ.