ಶಿರಸ್ತ್ರಾಣದ ಮರೆಬಣ್ಣ

ಅಲ್ಲಾಳಸಂದ್ರದ ಹೆಸರಿನಲ್ಲಿರುವ ‘ಸಂದ್ರ’ವು ‘ಸಮುದ್ರ’ ಶಬ್ದದ ತದ್ಭವ. ದೊಡ್ಡ ಕೆರೆಯೆಂದು ಅದರ ಅರ್ಥ. ಈ ಊರಿಗೆ ದಕ್ಷಿಣದಲ್ಲಿರುವ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಎಂದರೆ ಕ್ರಿ. ಶ. ಎಂಟನೆಯ ಶತಮಾನದ್ದು, ಕಾಳಗದಲ್ಲಿ ಮಡಿದ ಕಿತ್ತಯ್ಯನ ಸ್ಮಾರಕವದು. ಉತ್ತರದಲ್ಲಿ ಯಲಹಂಕದ ವಿಮಾನನೆಲೆಯುಂಟು. ಇವೆರಡರ ನಡುವೆ ನಿಂತು ಆಲೋಚಿಸಿದರೆ ಯುದ್ಧರೀತಿಯಲ್ಲಾದ ಮಹತ್ತರವಾದ ವ್ಯತ್ಯಾಸವು ಗೋಚರಿಸುವುದು. ಹಿಂದಿನ ವೀರನು ಸರ್ವರಿಗೂ ಕಾಣುವಂತೆ ರಣಕ್ಕಿಳಿಯುತ್ತಿದ್ದನು. ಇಂದಿನ ಯೋಧನಾದರೋ ಕಾಣದಿರಲೆಂದು ಬಣ್ಣವನ್ನು ಧರಿಸುವನು.

ದೂರಕ್ಕೆ ಗುರಿತಪ್ಪದೆ ಹೊಡೆಯುವ ಕೋವಿಗಳು ಬಂದುದೇ ಇದಕ್ಕೆ ಕಾರಣ. 1846ರಲ್ಲಿ ಪೇಷಾವರದಲ್ಲಿ ಲಮ್ಸ್‌ಡನ್ನನು ಕಟ್ಟಿದ ಗೈಡ್ಸ್ ದಳವು ಕೆಲವೇ ವರ್ಷಗಳಲ್ಲಿ ಮಣ್ಣಿನ ಬಣ್ಣದ ಉಡುಪನ್ನು ತೊಟ್ಟಿತು. ‘ಖಾಕ್’ ಎಂದರೆ ಪಾರಸಿಯಲ್ಲಿ ಧೂಳು. ಖಾಕಿ ಶಬ್ದವು ಅದರಿಂದ ಹುಟ್ಟಿತು. ನಮ್ಮ ಮಂಗಳೂರಿನ ಬಾಸೆಲ್ ಮಿಷನ್ನಿನ ನೇಯ್ಗೆಯ ಕಾರ್ಖಾನೆಯೂ ಖಾಕಿ ಬಟ್ಟೆಗೆ ಹೆಸರಾಗಿತ್ತು.

ಮೊದಲನೆಯ ಮಹಾಯುದ್ಧದಲ್ಲಿ ಮೇಲಿನಿಂದ ಸಿಡಿದು ಬೀಳುವ ಗುಂಡಿನ ಚೂರುಗಳಿಂದ ತಲೆಯನ್ನು ಕಾಯಲು 1915ರಲ್ಲಿ ಫ್ರೆಂಚರೂ ಆಂಗ್ಲರೂ, 1916ರಲ್ಲಿ ಜರ್ಮನರೂ ಲೋಹದ ಶಿರಸ್ತ್ರಾಣವನ್ನು ತಂದರು. ಆದರೆ ಅದರ ಹೊಳಪೂ ಗುಂಡನೆಯ ಆಕಾರವೂ ಧರಿಸಿದವನನ್ನೇ ತೋರಿಸಿಕೊಟ್ಟವು. ಹೊಳಪನ್ನಡಗಿಸಲು ಆಂಗ್ಲರು ಬಣ್ಣದಲ್ಲಿ ಮರಳನ್ನೋ ಮರದ ಹೊಟ್ಟನ್ನೋ ಬೆರೆಸಿದರು. ಆಕಾರವನ್ನು ಮುರಿಯಲು ಜರ್ಮನರು 1918ರ ಜುಲೈ ಆಜ್ಞೆಯಂತೆ ಕಾವಿ, ಹಸಿರು, ಕಂದು ಬಣ್ಣಗಳ ತೇಪೆಗಳನ್ನು ಬರೆದು, ನಡುವೆ ಬೆರಳಗಲದ ಕಪ್ಪು ಗೆರೆಯನ್ನೆಳೆದರು. ಚಿರತೆಯ ಮಚ್ಚೆ, ಹುಲಿಯ ಪಟ್ಟೆಗಳ ತತ್ತ್ವವೂ ಇದೇ.

ಈ ಕೆಲಸವನ್ನು ಮನೆಯಲ್ಲಿಯೇ ಮಾಡಬಹುದು. ದಪ್ಪ ಕಾಗದದಲ್ಲಿ ಎಲೆಯಂಥ ಆಕೃತಿಗಳನ್ನು ಕತ್ತರಿಸಿ ತೆಗೆದು, ಆ ರಂಧ್ರದ ಮೂಲಕ ಬಣ್ಣವನ್ನೊತ್ತುವುದು. ನಮ್ಮ ಗೃಹಿಣಿಯರ ತಗಡಿನ ರಂಗೋಲಿಯ ಅಚ್ಚೂ ಇದೇ ಜಾತಿಯದು. ಶಿರಸ್ತ್ರಾಣವು ಉಬ್ಬಾದುದರಿಂದ ದೊಡ್ಡ ಕಾಗದವು ಮೈಗಂಟದೆ ಬಣ್ಣವು ಅಡಿಗೆ ನುಸುಳುವುದು. ಆದುದರಿಂದ ಅಚ್ಚು ಚಿಕ್ಕದಾಗಿಯೂ ಕುಂಚವು ಬಹುಮಟ್ಟಿಗೆ ಒಣಗಿಯೂ ಇರತಕ್ಕದ್ದು. ರಂಗೋಲಿಗೆ ಸಮತೆಯೇ ಸೊಬಗು. ಇಲ್ಲಿ ಅದೇ ದೋಷ. ಒಂದೇ ಅಚ್ಚನ್ನು ಪ್ರತಿ ಸಲವೂ ಬೇರೆ ಬೇರೆಯಾಗಿ ತಿರುಗಿಸಬೇಕು. ಏಕೆಂದರೆ ಕ್ರಮಬದ್ಧವಾದ ಆವೃತ್ತಿಯನ್ನು ಕಣ್ಣು ಬೇಗನೆ ಗುರುತಿಸುವುದು. 2022ರ ಜನವರಿ 15ರಂದು ಭಾರತೀಯ ಭೂಸೇನೆಯು ಪ್ರದರ್ಶಿಸಿದ ಹೊಸ ಸಮವಸ್ತ್ರದಲ್ಲಿಯೂ ಈ ಮುರಿದ ವಿನ್ಯಾಸವನ್ನೇ ಕಾಣುವೆವು.

ಅಡಗುವುದು ವೀರರಿಗೆ ತಕ್ಕುದೇ ಎಂದು ಕೆಲವರು ಕೇಳಬಹುದು. ಪಾಂಡವರು ಶಮೀವೃಕ್ಷದಲ್ಲಿ ಆಯುಧಗಳನ್ನಿರಿಸಿ ವಿರಾಟನಗರದಲ್ಲಿ ಒಂದು ವರ್ಷ ಮರೆಯಾಗಿದ್ದರು. ಅದರಿಂದ ಅರ್ಜುನನ ಪರಾಕ್ರಮಕ್ಕೆ ಕುಂದಾಗಲಿಲ್ಲ. ಕಿತ್ತಯ್ಯನ ಕೀರ್ತಿಯನ್ನು ಕಲ್ಲು ಉಳಿಸಿತು; ಈ ಬಣ್ಣವಾದರೋ ಯೋಧನನ್ನೇ ಉಳಿಸಿ ಮನೆಗೆ ಕಳುಹಿಸಲು ಯತ್ನಿಸುತ್ತದೆ. ಆತನ ತಾಯಿತಂದೆಗಳು ಇವೆರಡರಲ್ಲಿ ಯಾವುದನ್ನು ಬಯಸುವರೆಂಬುದನ್ನು ವಾಚಕರಿಗೆ ಹೇಳಬೇಕಾದುದಿಲ್ಲ.