ಆರು ಚಕ್ರದ ಲಾರಿ: ಪೀಣ್ಯದ ಹಳೆಯ ಸರಕು ವಾಹನಗಳ ತೂಕವರ್ಗ ನಿರ್ಣಯ

ಕೇಬಲ್ ದೋಷದಿಂದಾಗಿ 2021ರ ಡಿಸೆಂಬರ್‌ನಲ್ಲಿ ಮುಚ್ಚಿದ ಪೀಣ್ಯ ಮೇಲ್ಸೇತುವೆ 2022ರ ಫೆಬ್ರವರಿಯಲ್ಲಿ ಲಘು ವಾಹನಗಳಿಗಷ್ಟೇ ತೆರೆಯಿತು. ಭಾರಿ ವಾಹನಗಳು 2024ರ ಜುಲೈವರೆಗೆ ಕೆಳಗಿನ ತುಮಕೂರು ರಸ್ತೆಯಲ್ಲೇ ಸಾಗಿದವು. ಎರಕದ ಸರಕು ಹೊತ್ತು ಬರುವ ಹಳೆಯ ಲಾರಿಗಳ ವರ್ಗವನ್ನು ಗುರುತಿಸುವ ಪ್ರಶ್ನೆ ಇಲ್ಲಿ ದಿನನಿತ್ಯದ್ದು.

1988ರ ಮೋಟಾರು ವಾಹನ ಕಾಯ್ದೆಯಂತೆ ಒಟ್ಟು ತೂಕ 7,500 ಕೆ.ಜಿ. ಮೀರದ್ದು ಲಘು ವಾಹನ, 12,000 ಕೆ.ಜಿ. ದಾಟಿದ್ದು ಭಾರಿ ಸರಕು ವಾಹನ. ಆದರೆ ಬಾನೆಟ್ ಮೇಲಿನ ಅಂಕಿ ಕಾಯ್ದೆಯನ್ನು ಅನುಸರಿಸಿ ಬಂದದ್ದಲ್ಲ. ಟಾಟಾ 1210, 1613 ಎಂಬ ಹೆಸರುಗಳಲ್ಲಿ ಮೊದಲ ಭಾಗ ಒಟ್ಟು ತೂಕದ ಟನ್, ಕೊನೆಯ ಭಾಗ ಅಶ್ವಶಕ್ತಿಯ ಹತ್ತನೇ ಒಂದಂಶ, ಎರಡೂ ಸ್ಥೂಲ ಲೆಕ್ಕ. ಇದು 1954ರಿಂದ 1969ರವರೆಗೆ ಟಾಟಾದ ಸಹಭಾಗಿಯಾಗಿದ್ದ ಡೈಮ್ಲರ್-ಬೆಂಜ್‌ನ ಪದ್ಧತಿ. ಅಮೆರಿಕದ ಪಿಕಪ್‌ಗಳಲ್ಲಿ ಟನ್ ಎಂದರೆ ಹೇರಬಹುದಾದ ಸರಕು. 1948ರ ಫೋರ್ಡ್ ಎಫ್-1 'ಅರ್ಧ ಟನ್' ಗಾಡಿ. 1975ರಲ್ಲಿ ಬಂದ ಎಫ್-150 ಅನ್ನು 6,000 ಪೌಂಡ್‌ಗಿಂತ ತುಸು ಹೆಚ್ಚಿನ ಒಟ್ಟು ತೂಕಕ್ಕೆ ರೂಪಿಸಿದ್ದು ಆಗಿನ ಹೊಗೆ ನಿಯಮದಿಂದ ಪಾರಾಗಲು. ತಯಾರಕನ ಅಂಕಿಯನ್ನು ಹಾಗೆಯೇ ನಂಬುವುದು ಸರಿಯಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ನಮ್ಮ ಚಾಲಕರು ಹೇಳುವ 'ಆರು ಚಕ್ರ', 'ಹತ್ತು ಚಕ್ರ' ಎಂಬ ವಿಂಗಡಣೆಯೇ ಶಾಸ್ತ್ರಕ್ಕೆ ಹೆಚ್ಚು ಹತ್ತಿರ ಎಂಬುದು ನನ್ನ ನಿಲುವು. ಕಾನೂನು ಕೂಡ ಅಚ್ಚು ಮತ್ತು ಟೈರುಗಳನ್ನೇ ಎಣಿಸುತ್ತದೆ. ಹಳೆಯ ಮಿತಿಯಲ್ಲಿ ಎರಡು ಟೈರಿನ ಮುಂದಿನ ಅಚ್ಚಿಗೆ 6 ಟನ್, ನಾಲ್ಕು ಟೈರಿನ ಹಿಂದಿನ ಅಚ್ಚಿಗೆ 10.2 ಟನ್: ಆರು ಚಕ್ರಕ್ಕೆ 16.2. ಎಂಟು ಟೈರಿನ ಜೋಡಿ ಅಚ್ಚಿಗೆ 19: ಹತ್ತು ಚಕ್ರಕ್ಕೆ 25. 2018ರ ಜುಲೈನಲ್ಲಿ ಇವು 18.5, 28.5 ಟನ್‌ಗೆ ಏರಿದವು; 1613 ಎಂಬ ಹೆಸರು ಹಾಗೆಯೇ ಉಳಿಯಿತು.

ತೊಡಕಿರುವುದು 1986ರ ಟಾಟಾ 407ರಲ್ಲಿ. ಹಿಂದೆ ಜೋಡಿ ಟೈರ್ ಇರುವುದರಿಂದ ಇದೂ ಆರು ಚಕ್ರದ ಗಾಡಿಯೇ, ಆದರೆ ಲಘು ವರ್ಗದ್ದು. ಇಲ್ಲಿ ರಿಮ್ ನೋಡಬೇಕು: 407ಕ್ಕೆ 16 ಇಂಚು, 1613ಕ್ಕೆ 20 ಇಂಚು. ಕ್ಯಾಬಿನ್ ಬದಲಾಗಿರಬಹುದು, ಬಾಡಿಯನ್ನು ಹೊಸದಾಗಿ ಕಟ್ಟಿಸಿರಬಹುದು. ಹಾಗಾಗಿ ಚಾಸಿ ಸಂಖ್ಯೆಯನ್ನು ಆರ್‌ಸಿಯೊಂದಿಗೆ ತಾಳೆ ನೋಡಿದ ಮೇಲೆಯೇ ತೀರ್ಮಾನ. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 7,500 ಕೆ.ಜಿ.ವರೆಗಿನ ಸಾರಿಗೆ ವಾಹನವನ್ನು ಲಘು ವಾಹನದ ಪರವಾನಗಿಯಲ್ಲೇ ಓಡಿಸಬಹುದೆಂದು ತೀರ್ಪಿತ್ತಿದೆ. ಅಪಘಾತವಾದಾಗ ವಿಮೆಯ ಹಣದ ವಾದವೂ ಈಗ ಆರ್‌ಸಿಯಲ್ಲಿರುವ ಆ ಒಟ್ಟು ತೂಕದ ಮೇಲೆ ನಿಲ್ಲುತ್ತದೆ.